ಪಂಪ್‌ಸೆಟ್ಟಿನ ವಿದ್ಯುತ್ ಲೆಕ್ಕ: ವೋಲ್ಟು, ಆಂಪಿಯರು ಮತ್ತು ಸುಟ್ಟ ಮೋಟಾರು



ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದಂತೆ ನಮ್ಮ ಸಂಘದ ಕಚೇರಿಯ ಜಗಲಿಯಲ್ಲಿ ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಕೇಳಿಬರುವ ಎರಡನೆಯ ಮಾತು ಒಂದೇ: "ಮೋಟಾರು ಸುಟ್ಟಿತು." ಅದನ್ನು ಬಿಚ್ಚಿ, ರಿಕ್ಷಾದಲ್ಲಿ ಹಾಕಿ ಅಂಕೋಲೆಗೆ ಒಯ್ದು, ವೈಂಡಿಂಗ್ ಮಾಡಿಸಿ ತಂದು ಕೂರಿಸುವಷ್ಟರಲ್ಲಿ ಒಂದು ವಾರ ಕಳೆದಿರುತ್ತದೆ. ಆ ವಾರದ ನೀರು ತಪ್ಪಿದ ತೋಟದಲ್ಲಿ ಹಿಂಗಾರ ಒಣಗುತ್ತದೆ, ಎಳೆಗಾಯಿ ಉದುರುತ್ತದೆ. ವೈಂಡಿಂಗಿನ ಬಿಲ್ಲು ಕಣ್ಣಿಗೆ ಕಾಣುತ್ತದೆ. ಉದುರಿದ ಕಾಯಿಯ ಬಿಲ್ಲನ್ನು ಯಾರೂ ಬರೆದಿಡುವುದಿಲ್ಲ.

ಸುಟ್ಟದ್ದೇಕೆ ಎಂದು ಕೇಳಿದರೆ ಉತ್ತರವೂ ಒಂದೇ: "ವೋಲ್ಟೇಜು ಇಲ್ಲ." ಈ ಉತ್ತರ ಅರ್ಧ ಮಾತ್ರ ಸತ್ಯ. ಎಲ್ಲಿ ವೋಲ್ಟೇಜು ಇಲ್ಲ ಎಂದು ನಾವು ಕೇಳಿಕೊಳ್ಳುವುದಿಲ್ಲ. ಕಂಬದಲ್ಲಿ ಇಲ್ಲವೋ, ಮೀಟರಿನಲ್ಲಿ ಇಲ್ಲವೋ, ಅಥವಾ ಮೀಟರಿನಿಂದ ಬಾವಿಯ ತನಕ ನಾವೇ ಎಳೆದ ತಂತಿಯಲ್ಲಿ ಕಳೆದುಹೋಯಿತೋ? ಇದನ್ನು ಗೊತ್ತುಮಾಡಲು ಇಂಜಿನಿಯರು ಬೇಕಿಲ್ಲ. ಎರಡು ಅಳತೆ ಮತ್ತು ಏಳನೆಯ ಇಯತ್ತೆಯ ಗುಣಾಕಾರ ಭಾಗಾಕಾರ ಸಾಕು.

ಇದನ್ನು ಉಪದೇಶವೆಂದು ತಿಳಿಯಬಾರದು. ಒಂದೇ ಬೇಸಿಗೆಯಲ್ಲಿ ಎರಡು ಸಲ ಮೋಟಾರು ಸುಟ್ಟುಕೊಂಡವನು ನಾನೇ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಓಮ್‌ನ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನಿಗೆ ಅದನ್ನು ತೋಟದ ತನಕ ತರಲು ಮೂವತ್ತು ವರ್ಷ ಬೇಕಾಯಿತು. ಎರಡನೆಯ ಸಲ ಸುಟ್ಟಾಗ ಸಿಟ್ಟಿನಲ್ಲಿ ಒಂದು ಉದ್ದನೆಯ ತಕರಾರು ಅರ್ಜಿ ಬರೆದೆ. ಲೈನ್‌ಮನ್ ಬಂದರು. ಮೀಟರಿನ ಬಳಿ ಅಳೆದು ನೋಡಿ, "ಇಲ್ಲಿ ಸರಿ ಉಂಟು ಸಾಹೇಬ್ರೆ. ಇಲ್ಲಿಂದ ಆಚೆ ನಿಮ್ಮದು" ಎಂದು ಹೇಳಿ ಸೈಕಲ್ ಹತ್ತಿದರು. ಆ ಮಾತು ನನಗೆ ಚುಚ್ಚಿತು. ಅದೇ ದಿನ ಸಂಜೆ ಕಾಗದ ಪೆನ್ನು ಹಿಡಿದು ಕೂತೆ.

ಮೊದಲು ಮೂರು ಶಬ್ದಗಳನ್ನು ಬಗೆಹರಿಸಿಕೊಳ್ಳೋಣ. ತೋಟದ ದಿಬ್ಬದ ಮೇಲೆ ನೀರಿನ ಟಾಕಿ ಇದೆ ಎಂದುಕೊಳ್ಳಿ. ಟಾಕಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ; ವಿದ್ಯುತ್ತಿನಲ್ಲಿ ಇದು ವೋಲ್ಟೇಜು, ಅಳೆಯುವುದು ವೋಲ್ಟಿನಲ್ಲಿ. ಪೈಪಿನಲ್ಲಿ ಹರಿದುಬರುವ ನೀರಿನ ಪ್ರಮಾಣದಂತೆ ವಿದ್ಯುತ್ ಪ್ರವಾಹ, ಅಳತೆ ಆಂಪಿಯರಿನಲ್ಲಿ. ಪೈಪು ಸಪೂರವಾದಷ್ಟೂ, ಉದ್ದವಾದಷ್ಟೂ ನೀರಿಗೆ ಅಡ್ಡಿ ಹೆಚ್ಚು. ಇದೇ ರೋಧ, ಅಳತೆ ಓಮ್. ಜರ್ಮನಿಯ ಶಾಲಾ ಮಾಸ್ತರ ಗೇಯಾರ್ಗ್ ಓಮ್ 1827ರಲ್ಲಿ ಈ ಮೂರಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಬರುತ್ತದೆ. ಆಂಪಿಯರನ್ನು ಓಮ್‌ನಿಂದ ಗುಣಿಸಿದರೆ ವೋಲ್ಟು ಬರುತ್ತದೆ. ನಾಲ್ಕನೆಯ ಶಬ್ದ ವ್ಯಾಟ್: ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಎಷ್ಟು ವೇಗದಲ್ಲಿ ಶಕ್ತಿ ಖರ್ಚಾಗುತ್ತಿದೆ ಎಂಬುದು ತಿಳಿಯುತ್ತದೆ. ಸಾವಿರ ವ್ಯಾಟಿನ ಉಪಕರಣ ಒಂದು ತಾಸು ನಡೆದರೆ ಬಿಲ್ಲಿನಲ್ಲಿ ಒಂದು ಯೂನಿಟ್. ಇಷ್ಟೇ ಶಾಸ್ತ್ರ.

ಬಚ್ಚಲಿನಲ್ಲಿ ನೀರು ಕಾಯಿಸಲು ಬಕೇಟಿಗೆ ಇಳಿಬಿಡುವ ಸರಳನ್ನು ತೆಗೆದುಕೊಳ್ಳಿ. ಮೇಲೆ 1500 ವ್ಯಾಟ್, 230 ವೋಲ್ಟ್ ಎಂದು ಬರೆದಿರುತ್ತದೆ. 1500ನ್ನು 230ರಿಂದ ಭಾಗಿಸಿದರೆ ಸುಮಾರು 6.5 ಆಂಪಿಯರ್. 230ನ್ನು 6.5ರಿಂದ ಭಾಗಿಸಿದರೆ ಸುಮಾರು 35 ಓಮ್. ಸಂಜೆ ಊರಿನವರೆಲ್ಲ ದೀಪ, ಫ್ಯಾನು, ಮಿಕ್ಸರ್ ಹಚ್ಚಿದಾಗ ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ಸರಳಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 180 ಭಾಗಿಸು 35, ಅಂದರೆ 5.1 ಆಂಪಿಯರ್. ಅದನ್ನು 180ರಿಂದ ಗುಣಿಸಿದರೆ 920 ವ್ಯಾಟಿನ ಆಸುಪಾಸು. ವೋಲ್ಟೇಜು ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಇಳಿದರೆ ಕಾವು ಐದರಲ್ಲಿ ಎರಡು ಪಾಲು ಇಳಿಯಿತು. ಸ್ನಾನದ ನೀರು ತಡವಾಗಿ ಕಾಯುವುದು ಇದರಿಂದ. ಆದರೆ ಸರಳಿಗೆ ಏನೂ ಆಗುವುದಿಲ್ಲ. ವೋಲ್ಟೇಜು ಕಡಿಮೆಯಾದರೆ ಅದು ತಾನೂ ಸೌಮ್ಯವಾಗುತ್ತದೆ.

ಮೋಟಾರಿನ ಸ್ವಭಾವ ಇದಕ್ಕೆ ವಿರುದ್ಧ. ಈ ಒಂದು ಸಂಗತಿಯನ್ನು ಸದಸ್ಯರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಾವಿಯ ಆಳ ಕಡಿಮೆಯಾಗಲಿಲ್ಲ, ಎತ್ತಬೇಕಾದ ನೀರು ಕಡಿಮೆಯಾಗಲಿಲ್ಲ. ಆದ್ದರಿಂದ ವೋಲ್ಟೇಜು ಇಳಿದಾಗ ಅದೇ ಕೆಲಸ ಮಾಡಲು ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ. 230 ವೋಲ್ಟಿನಲ್ಲಿ 7 ಆಂಪಿಯರ್ ತೆಗೆದುಕೊಳ್ಳುವ ಒಂದು ಎಚ್‌ಪಿ ಮೋಟಾರು 180 ವೋಲ್ಟಿನಲ್ಲಿ ಹತ್ತಿರಹತ್ತಿರ 9 ಆಂಪಿಯರ್ ತೆಗೆದುಕೊಳ್ಳಲು ನೋಡುತ್ತದೆ. ವೈಂಡಿಂಗಿನ ತಂತಿಯಲ್ಲಿ ಹುಟ್ಟುವ ಕಾವು ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 7ರ ವರ್ಗ 49, 9ರ ವರ್ಗ 81. ಕಾವು ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ತಂತಿಯ ಮೇಲಿನ ವಾರ್ನಿಶ್ ಅದನ್ನು ಎಷ್ಟು ಹೊತ್ತು ತಡೆದೀತು? ಮೊದಲು ವಾಸನೆ, ಆಮೇಲೆ ಹೊಗೆ, ಆಮೇಲೆ ಅಂಕೋಲೆಯ ದಾರಿ.

ಇನ್ನು ನನ್ನ ತೋಟದ ಲೆಕ್ಕಕ್ಕೆ ಬರುತ್ತೇನೆ. ನಮ್ಮದು ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿನ ಮಂಜಗುಣಿ (ಶಿರಸಿ ಕಡೆಯ ವೆಂಕಟರಮಣ ದೇವಸ್ಥಾನದ ಮಂಜುಗುಣಿ ಅಲ್ಲ, ಸಂಘದ ಟಪಾಲು ಅಲ್ಲಿಗೆ ಹೋದದ್ದೂ ಉಂಟು). ಮನೆಯ ಬಳಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆಂದು ತೋಟದ ಮೇಲ್ತುದಿಯಲ್ಲಿ ಬೇರೆ ಬಾವಿ ತೋಡಿಸಿದ್ದೆ. ಮೀಟರ್ ಮನೆಯಲ್ಲಿ, ಪಂಪು ಅಲ್ಲಿ, ನಡುವೆ 120 ಮೀಟರು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿ ಎಳೆಸಿದ್ದೆ.

ಅಲ್ಯೂಮಿನಿಯಂ ತಂತಿ ಒಂದು ಚದರ ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದ ಇದ್ದರೆ ಅದರ ರೋಧ ಸುಮಾರು 0.028 ಓಮ್. ತಾಮ್ರಕ್ಕೆ ಇದು 0.017ರಷ್ಟು. ಪ್ರವಾಹ ಹೋಗಿ ತಿರುಗಿ ಬರಬೇಕಾದ್ದರಿಂದ 120 ಮೀಟರ್ ಅಂತರಕ್ಕೆ ತಂತಿ 240 ಮೀಟರ್ ಎಂದು ಹಿಡಿಯಬೇಕು. ಬಹಳ ಜನ ತಪ್ಪುವುದು ಇಲ್ಲಿಯೇ. 0.028ನ್ನು 240ರಿಂದ ಗುಣಿಸಿ 4ರಿಂದ ಭಾಗಿಸಿದರೆ 1.68 ಓಮ್ ಬಂತು. ಇದು ಕಾಗದದ ಲೆಕ್ಕ.

ಮಾರನೆಯ ದಿನ ವಾಯರ್‌ಮನ್‌ನನ್ನು ಕರೆಸಿ ನಿಜವಾದ ಲೆಕ್ಕ ತೆಗೆಸಿದೆ. ಪಂಪು ನಡೆಯುತ್ತಿರುವಾಗಲೇ ಅಳೆಯಬೇಕು. ನಿಂತ ಪಂಪಿನ ಬಳಿ ಅಳೆದರೆ ಎರಡು ತುದಿಯಲ್ಲಿಯೂ ಒಂದೇ ವೋಲ್ಟೇಜು ತೋರಿಸುತ್ತದೆ, ಏಕೆಂದರೆ ಹರಿವೇ ಇಲ್ಲದಲ್ಲಿ ನಷ್ಟವೂ ಇಲ್ಲ. "ನಾನು ಟೆಸ್ಟ್ ಮಾಡಿಸಿದ್ದೇನೆ, ವೋಲ್ಟೇಜು ಭರ್ತಿ ಇದೆ" ಎಂದು ಜಗಲಿಯಲ್ಲಿ ವಾದಿಸುವವರಲ್ಲಿ ಹೆಚ್ಚಿನವರು ನಿಂತ ಪಂಪನ್ನು ಅಳೆದವರು. ನಮ್ಮಲ್ಲಿ ಪಂಪು ನಡೆಯುತ್ತಿದ್ದಾಗ ಮೀಟರಿನ ಬಳಿ 224 ವೋಲ್ಟ್, ಸ್ಟಾರ್ಟರಿನ ಬಳಿ 206 ವೋಲ್ಟ್, ಪ್ರವಾಹ 7.5 ಆಂಪಿಯರ್. ದಾರಿಯಲ್ಲಿ 18 ವೋಲ್ಟ್ ಕಳೆದಿತ್ತು. 18 ಭಾಗಿಸು 7.5, ಅಂದರೆ 2.4 ಓಮ್.

ಕಾಗದದಲ್ಲಿ 1.68, ತೋಟದಲ್ಲಿ 2.4. ಈ 0.72 ಓಮ್ ಎಲ್ಲಿಂದ ಬಂತು? ತಂತಿ ತಾನಾಗಿ ಸಪೂರವಾಗುವುದಿಲ್ಲ. ಹಾಗಾದರೆ ಜೋಡಣೆಯಲ್ಲಿ ಇರಲೇಬೇಕು. 7.5ರ ವರ್ಗ 56, ಅದನ್ನು 0.72ರಿಂದ ಗುಣಿಸಿದರೆ 40 ವ್ಯಾಟ್. ಅಂದರೆ ತೋಟದಲ್ಲಿ ಎಲ್ಲೋ ಒಂದು ಕಡೆ 40 ವ್ಯಾಟಿನ ಬಲ್ಬು ಕಾಣದಂತೆ ಉರಿಯುತ್ತಿದ್ದಂತಾಯಿತು. ಪಂಪು ನಿಲ್ಲಿಸಿ, ಮೇನ್ ಸ್ವಿಚ್ ಇಳಿಸಿ, ತಂತಿಯ ಗುಂಟ ನಡೆದೆವು. ನಡುದಾರಿಯ ತೆಂಗಿನ ಮರಕ್ಕೆ ಹೊಡೆದಿದ್ದ ಡಬ್ಬಿ ಮುಟ್ಟಿದರೆ ಬಿಸಿ. ಒಳಗೆ ಹಿಂದೊಮ್ಮೆ ಕಡಿದ ಅಲ್ಯೂಮಿನಿಯಂ ತಂತಿಗೆ ತಾಮ್ರದ ತುಂಡನ್ನು ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ್ದರು. ತಾಮ್ರಕ್ಕೆ ಹಸಿರು ಕಿಲುಬು, ಅಲ್ಯೂಮಿನಿಯಂಗೆ ಬಿಳಿ ಹುಡಿ, ಟೇಪು ಅರ್ಧ ಕರಗಿತ್ತು. ಆ ಟೇಪು ಸುತ್ತಿಸಿದ್ದು ನನ್ನೆದುರೇ, ಮಳೆಗಾಲದ ಅವಸರದಲ್ಲಿ.

ಇದು ವಿಶೇಷವಾಗಿ ನಮ್ಮ ಕರಾವಳಿಯ ರೋಗ. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿದಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ತೇವದಲ್ಲಿ ಉಪ್ಪಿದ್ದರೆ ಆ ಕೆಲಸ ಇನ್ನೂ ಬೇಗ. ಗಜನಿಯ ಗಾಳಿಯಲ್ಲಿ ಉಪ್ಪಿಗೆ ಕೊರತೆಯೇ? ಘಟ್ಟದ ಮೇಲೆ ಹತ್ತು ವರ್ಷ ಬಾಳುವ ಜೋಡಣೆ ಇಲ್ಲಿ ಎರಡು ಮಳೆಗಾಲ ಕಂಡರೆ ಹೆಚ್ಚು. ಜೋಡಣೆ ಕೆಟ್ಟಂತೆ ರೋಧ ಏರುತ್ತದೆ, ರೋಧ ಏರಿದಂತೆ ಕಾವು, ಕಾವು ಏರಿದಂತೆ ಜೋಡಣೆ ಮತ್ತಷ್ಟು ಕೆಡುತ್ತದೆ. ಒಣ ಸೋಗೆಯ ಪಕ್ಕ ಇಂಥ ಡಬ್ಬಿ ಇದ್ದರೆ ಏನಾದೀತೆಂದು ಹೇಳಬೇಕಾಗಿಲ್ಲ. ಎರಡು ಲೋಹಗಳನ್ನು ಕೂಡಿಸಲೇಬೇಕಾದಲ್ಲಿ ಅದಕ್ಕೆಂದೇ ಮಾಡಿದ ಲಗ್ಗು ಹಾಕಿ ಒತ್ತಿಸಬೇಕು, ನೀರು ಹೋಗದ ಡಬ್ಬಿಯಲ್ಲಿಡಬೇಕು. ಸಾಧ್ಯವಿದ್ದಲ್ಲಿ ನಡುವೆ ಜೋಡಣೆಯೇ ಇರಬಾರದು.

ಜೋಡಣೆ ಸರಿಪಡಿಸಿದ ಮೇಲೆ ಅದೇ ಅಳತೆ ತೆಗೆದೆವು: ನಷ್ಟ 13 ವೋಲ್ಟ್, ಪ್ರವಾಹ 7.4 ಆಂಪಿಯರ್, ರೋಧ 1.76 ಓಮ್. ಕಾಗದದ ಲೆಕ್ಕಕ್ಕೂ ತೋಟದ ಲೆಕ್ಕಕ್ಕೂ ತಾಳೆ ಬಿತ್ತು. ಅಷ್ಟು ಸಂತೋಷ ಡಿಗ್ರಿ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಆದರೂ ಕೆಲಸ ಅರ್ಧವೇ ಆಗಿತ್ತು. ಮೋಟಾರು ಏಳುವ ಕ್ಷಣದ ಲೆಕ್ಕ ಬೇರೆ. ನಿಂತ ಮೋಟಾರನ್ನು ಎಬ್ಬಿಸುವಾಗ ಅದು ನಡೆಯುವ ಪ್ರವಾಹದ ನಾಲ್ಕೈದು ಪಟ್ಟು ಎಳೆಯುತ್ತದೆ. 30 ಆಂಪಿಯರ್ ಎಂದು ಹಿಡಿಯೋಣ. ಹಳೆಯ 2.4 ಓಮ್ ಇದ್ದಾಗ ದಾರಿಯಲ್ಲೇ 72 ವೋಲ್ಟ್ ಹೋಗುತ್ತಿತ್ತು; 224ರಲ್ಲಿ ಮೋಟಾರಿಗೆ ಉಳಿಯುತ್ತಿದ್ದದ್ದು ಅಂದಾಜು 152. ಎಬ್ಬಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ, 230 ವೋಲ್ಟಿನಲ್ಲಿ ಇರಬೇಕಾದ ಬಲದ ಅರ್ಧಕ್ಕಿಂತಲೂ ಕಡಿಮೆ. ಅದಕ್ಕೇ ಅದು ಗುಂಯ್ ಎಂದು ಗುನುಗುತ್ತ ನಿಲ್ಲುತ್ತಿತ್ತು, ನಾವು ಸ್ವಿಚ್ಚು ಹಾಕುತ್ತ ತೆಗೆಯುತ್ತ ಇನ್ನಷ್ಟು ಸುಡುತ್ತಿದ್ದೆವು. ಮುಂದಿನ ಅಡಿಕೆ ಹಣ ಬಂದಾಗ 10 ಚದರ ಮಿಲಿಮೀಟರಿನ ತಂತಿ ಹಾಕಿಸಿದೆ. ರೋಧ 0.67 ಓಮ್‌ಗೆ ಇಳಿಯಿತು. ಏಳುವಾಗಲೂ ನಷ್ಟ 20 ವೋಲ್ಟ್ ಮಾತ್ರ. ಆ ಮೇಲೆ ಆ ಮೋಟಾರು ವೈಂಡಿಂಗಿಗೆ ಹೋಗಿಲ್ಲ.

ಕೆಲ ಸದಸ್ಯರು ಕೇಳುವುದುಂಟು: 10 ಎಚ್‌ಪಿ ತನಕದ ನೀರಾವರಿ ಪಂಪ್‌ಸೆಟ್ಟಿಗೆ 2008ರಿಂದ ವಿದ್ಯುತ್ತು ಉಚಿತವೇ ಇರುವಾಗ ತಂತಿಯಲ್ಲಿ ನೂರು ವ್ಯಾಟ್ ಹೋದರೆ ನಮಗೇನು? ವಿದ್ಯುತ್ತು ಉಚಿತ, ವೈಂಡಿಂಗ್ ಉಚಿತವಲ್ಲ. ನನ್ನ ಹಳೆಯ ತಂತಿಯಲ್ಲಿ ಹೋಗುತ್ತಿದ್ದದ್ದು 18 ವೋಲ್ಟ್ ಗುಣಿಸು 7.5 ಆಂಪಿಯರ್, 135 ವ್ಯಾಟ್. ದಿನಕ್ಕೆ ಆರು ತಾಸಿನಂತೆ ನಾಲ್ಕು ತಿಂಗಳು ನಡೆಸಿದರೆ 97 ಯೂನಿಟ್. ಅದಕ್ಕೆ ಬಿಲ್ಲು ಬರಲಿಲ್ಲ ನಿಜ; ಎರಡು ಮೋಟಾರಿನ ಬಿಲ್ಲು ಬಂತು.

ಇಲ್ಲಿ ಓದಿದ ಹುಡುಗರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಸರಿಯಾದದ್ದೇ. ನಡೆಯುವ ಮೋಟಾರಿನ 206 ವೋಲ್ಟನ್ನು 7.5ರಿಂದ ಭಾಗಿಸಿದರೆ 27 ಓಮ್ ಬರುತ್ತದೆ. ಆದರೆ ಮೋಟಾರು ಬಿಚ್ಚಿಟ್ಟು ಮಲ್ಟಿಮೀಟರಿನಲ್ಲಿ ವೈಂಡಿಂಗ್ ಅಳೆದರೆ ಮೂರು ಓಮ್ ಆಚೀಚೆ. ಯಾವುದು ನಿಜ? ಎರಡೂ. ತಿರುಗುವ ಮೋಟಾರು ತಾನೂ ಎದುರು ವೋಲ್ಟೇಜು ಹುಟ್ಟಿಸಿ ಬರುವ ಪ್ರವಾಹವನ್ನು ತಡೆಯುತ್ತದೆ. ಇಂಪೆಲ್ಲರಿನಲ್ಲಿ ಮರಳೋ ಎಲೆಯೋ ಸಿಕ್ಕಿ ಮೋಟಾರು ನಿಂತರೆ ಆ ತಡೆ ಇಲ್ಲವಾಗಿ ಪ್ರವಾಹ ನುಗ್ಗುತ್ತದೆ. ಇನ್ನೊಂದು ಮಾತು, ನಮ್ಮದು ಪರ್ಯಾಯ ಪ್ರವಾಹ. ಮೋಟಾರಿಗೆ ವೋಲ್ಟು ಆಂಪಿಯರು ಗುಣಿಸಿ ಬಂದದ್ದೆಲ್ಲ ವ್ಯಾಟ್ ಅಲ್ಲ. ಅದನ್ನು ಮತ್ತೆ ಪವರ್ ಫ್ಯಾಕ್ಟರಿನಿಂದ, ಅಂದರೆ ಸಾಮಾನ್ಯವಾಗಿ 0.8ರ ಆಸುಪಾಸಿನ ಅಂಕಿಯಿಂದ ಗುಣಿಸಬೇಕು. ಮೇಲೆ ನಾನು ವೋಲ್ಟಿನಿಂದ ವೋಲ್ಟನ್ನು ನೇರವಾಗಿ ಕಳೆದದ್ದೂ, ಕಳೆದ ವೋಲ್ಟಿನಿಂದ ತಂತಿಯ ಓಮ್ ತೆಗೆದದ್ದೂ ಇದೇ ಕಾರಣಕ್ಕೆ ಅಂದಾಜು. ತೋಟದ ಕೆಲಸಕ್ಕೆ ಆ ಅಂದಾಜು ಸಾಕು.

ಘಟ್ಟದ ಮೇಲೆ ಕಾಫಿಗೆ ಹೂವಿನ ನೀರು ಕೊಡಲು ದೊಡ್ಡ ಪಂಪು ನಡೆಸುವ ಸದಸ್ಯರದು ಮೂರು ಫೇಸಿನ ಲೆಕ್ಕ. ಅಲ್ಲಿ ಎರಡು ಫೇಸುಗಳ ನಡುವಿನ 415 ವೋಲ್ಟನ್ನು ಒಂದು ತಂತಿಯ ಆಂಪಿಯರಿನಿಂದಲೂ 1.73ರಿಂದಲೂ ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. 7.5 ಆಂಪಿಯರ್ ಎಳೆಯುವ 5 ಎಚ್‌ಪಿ ಮೋಟಾರಿಗೆ ಸುಮಾರು 4300 ವ್ಯಾಟ್ ಬರುತ್ತದೆ. ಮೂರೂ ತಂತಿಗಳ ಆಂಪಿಯರ್ ಬೇರೆಬೇರೆ ಅಳೆಯಿರಿ. ಒಂದರಲ್ಲಿ ಸೊನ್ನೆ ಕಂಡರೆ ಆ ಕ್ಷಣವೇ ಮೋಟಾರು ನಿಲ್ಲಿಸಬೇಕು.

ತಂತಿಯ ನಷ್ಟ ನಮ್ಮ 120 ಮೀಟರಿಗಷ್ಟೇ ಸಂಬಂಧಿಸಿದ್ದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ದೂರ ವಿದ್ಯುತ್ತು ಸಾಗಿಸಿದ್ದು ಈ ನಷ್ಟವನ್ನು ಗೆದ್ದುದರಿಂದಲೇ. ನಮ್ಮ ಕಾರವಾರ ತಾಲೂಕಿನ ಕೈಗಾದಲ್ಲಿ ಒಂದೊಂದು ಘಟಕ 220 ಮೆಗಾವ್ಯಾಟಿನದು. ಅಷ್ಟನ್ನು ಪಂಪ್‌ಸೆಟ್ಟಿನ 415 ವೋಲ್ಟಿನಲ್ಲೇ ಸಾಗಿಸಹೊರಟರೆ 3 ಲಕ್ಷ ಆಂಪಿಯರಿಗೂ ಹೆಚ್ಚು ಹರಿಯಬೇಕು. ಅದನ್ನು ತಾಳುವ ತಂತಿ ಅಡಿಕೆ ಮರಕ್ಕಿಂತ ದಪ್ಪವಾದೀತು. 4 ಲಕ್ಷ ವೋಲ್ಟಿಗೆ ಏರಿಸಿದರೆ 320 ಆಂಪಿಯರಿನೊಳಗೆ ಮುಗಿಯುತ್ತದೆ. ನಮ್ಮ ಕೈಯಲ್ಲಿ ವೋಲ್ಟೇಜು ಏರಿಸುವ ದಾರಿ ಇಲ್ಲ. ಆದ್ದರಿಂದ ತಂತಿ ದಪ್ಪ ಮಾಡುವುದು, ಅಂತರ ಕಡಿಮೆ ಮಾಡುವುದು, ಜೋಡಣೆ ಕಾಯ್ದುಕೊಳ್ಳುವುದು, ಇಷ್ಟೇ ಉಳಿಯುತ್ತದೆ.

ಜೀವದ ಲೆಕ್ಕವನ್ನೂ ಇದೇ ಸೂತ್ರದಿಂದ ಮಾಡಬಹುದು. ಮೋಟಾರಿನ ಕವಚಕ್ಕೆ ಕರೆಂಟು ತಾಗಿದಾಗ ಅರ್ಥಿಂಗ್ ಮೂಲಕ ದೊಡ್ಡ ಪ್ರವಾಹ ಹರಿದು ಫ್ಯೂಸ್ ಹೋಗಬೇಕು. ಮಳೆಗಾಲದಲ್ಲಿ ಹೂತ ಅರ್ಥಿಂಗ್ ಪೈಪಿನ ಸುತ್ತಲಿನ ಮರಳು ಏಪ್ರಿಲ್ಲಿನಲ್ಲಿ ಒಣಗಿ ರೋಧ 40 ಓಮ್ ಆಗಿದೆಯೆನ್ನಿ. 230 ಭಾಗಿಸು 40, ಆರು ಆಂಪಿಯರೂ ಇಲ್ಲ. 15 ಆಂಪಿಯರಿನ ಫ್ಯೂಸ್ ಅಲುಗುವುದಿಲ್ಲ. ಕವಚ ಜೀವಂತ ತಂತಿಯಂತೆಯೇ ಕಾದು ಕೂತಿರುತ್ತದೆ. ಒದ್ದೆ ಕಾಲಿನಲ್ಲಿ ಅದನ್ನು ಮುಟ್ಟಿದವನ ಮೈಯ ರೋಧ 1000 ಓಮ್ ಎಂದು ಹಿಡಿದರೆ 0.23 ಆಂಪಿಯರ್. ಎದೆಬಡಿತ ತಪ್ಪಿಸಲು ಅದರ ಕಾಲುಭಾಗವೇ ಸಾಕಾದೀತು. 30 ಮಿಲಿ ಆಂಪಿಯರ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಈಗ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ. ಅರ್ಥಿಂಗ್ ಹೊಂಡಕ್ಕೆ ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಹಾಕಿಸಿ. ಕೊಯ್ಲಿಗೂ ಔಷಧಿ ಹೊಡೆಯಲೂ ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ ನಿಜ, ಆದರೆ ಅದು ಬಿದಿರಲ್ಲ, ವಿದ್ಯುತ್ತನ್ನು ಹರಿಸುತ್ತದೆ. 11 ಸಾವಿರ ವೋಲ್ಟಿನ ಲೈನು ತೋಟದ ಮೇಲೆ ಹಾದಿದ್ದರೆ ಅದರ ಸಮೀಪದ ಸಾಲಿನ ಮರಗಳಿಗೆ ಈ ದೋಟಿ ಎತ್ತಲೇಬಾರದು. ಕೆಲಸದವರಿಗೆ ಮುಂಚಿತವಾಗಿ ಆ ಮರಗಳನ್ನು ತೋರಿಸಿ ಹೇಳತಕ್ಕದ್ದು.

ಅಳತೆಗಾಗಿ ಸಂಘದ ಕಚೇರಿಯಲ್ಲಿ ಒಂದು ಕ್ಲ್ಯಾಂಪ್ ಮೀಟರ್ ಇಡಲಾಗಿದೆ. ರಿಜಿಸ್ಟರಿನಲ್ಲಿ ಸಹಿ ಮಾಡಿ ಒಂದು ದಿನದ ಮಟ್ಟಿಗೆ ಒಯ್ಯಬಹುದು. ಸ್ಟಾರ್ಟರಿನ ಮುಚ್ಚಳ ತೆಗೆಯುವ ಕೆಲಸವನ್ನು ಲೈಸೆನ್ಸ್ ಇರುವ ವಾಯರ್‌ಮನ್ ಕೈಯಲ್ಲೇ ಮಾಡಿಸಬೇಕು. ಮೀಟರಿನ ದವಡೆಯನ್ನು ಒಂದೇ ತಂತಿಯ ಸುತ್ತ ಹಾಕಬೇಕು. ಹೋಗುವ ಬರುವ ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ, ಕಳೆದ ತಿಂಗಳು ಒಬ್ಬರು ಅದನ್ನು ಕೆಟ್ಟಿದೆಯೆಂದು ವಾಪಸು ತಂದಿದ್ದರು. ಮರಳಿಸುವಾಗ ಪಂಪು ನಡೆಯುತ್ತಿದ್ದಾಗಿನ ಮೂರು ಅಂಕಿಗಳನ್ನು, ಅಂದರೆ ಮೀಟರಿನ ಬಳಿಯ ವೋಲ್ಟು, ಪಂಪಿನ ಬಳಿಯ ವೋಲ್ಟು, ಆಂಪಿಯರು ಇವುಗಳನ್ನು ದಿನಾಂಕ ಮತ್ತು ಹೊತ್ತಿನೊಂದಿಗೆ ರಿಜಿಸ್ಟರಿನಲ್ಲಿ ಬರೆಯಬೇಕು. ಮೀಟರಿನ ಬಳಿಯೇ ವೋಲ್ಟು ಕಡಿಮೆ ಬಂದವರ ಅಂಕಿಗಳನ್ನೆಲ್ಲ ಸೇರಿಸಿ ಹೊಸ ಟ್ರಾನ್ಸ್‌ಫಾರ್ಮರಿಗಾಗಿ ಸಂಘದ ವತಿಯಿಂದ ಅರ್ಜಿ ಕೊಡಲಾಗುವುದು. ಈ ಸಲದ ಅರ್ಜಿಯಲ್ಲಿ ಸಿಟ್ಟು ಕಡಿಮೆ, ಅಂಕಿ ಹೆಚ್ಚು ಇರುತ್ತದೆ.